ಮದ್ದು, ಮಂತ್ರ, ಮಂಡಳಿ



ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಏಳು ಜನ ಸಹಿ ಹಾಕಿ, ಬೈಲಾ ಬರೆದು, ಶುಲ್ಕ ಕಟ್ಟಿದರೆ ಭಜನಾ ಮಂಡಳಿಯೂ ಆಗುತ್ತದೆ, ಯುವಕರ ಸಂಘವೂ ಆಗುತ್ತದೆ, ಚಿಕಿತ್ಸಕರ ಮಹಾಮಂಡಳಿಯೂ ಆಗುತ್ತದೆ. ನೋಂದಣಿ ಕಚೇರಿಯವರು ಬೈಲಾ ನೋಡುತ್ತಾರೆಯೇ ಹೊರತು ಮದ್ದು ನೋಡುವುದಿಲ್ಲ, ನೋಡಲು ಅವರಿಗೆ ಬರುವುದೂ ಇಲ್ಲ. ಆಮೇಲೆ ಆ ಮಂಡಳಿ ತನ್ನ ಸದಸ್ಯರಿಗೆ ಫೋಟೊ ಅಂಟಿಸಿ, ಮೊಹರು ಒತ್ತಿ ಪ್ರಮಾಣಪತ್ರ ಕೊಡುತ್ತದೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ಅದರಲ್ಲಿರುವ ನೋಂದಣಿ ಸಂಖ್ಯೆ ಸಂಘದ್ದೋ ವೈದ್ಯನದ್ದೋ ಎಂದು ರೋಗಿಗೆ ಹೇಗೆ ತಿಳಿಯಬೇಕು?

ಇಂಥ ಮಂಡಳಿಗಳು ತಮ್ಮವರನ್ನು ತಾವೇ ಅಂಕೆಯಲ್ಲಿ ಇಟ್ಟುಕೊಳ್ಳಬಲ್ಲವೇ ಎನ್ನುವುದು ಇವತ್ತಿನ ನನ್ನ ಪ್ರಶ್ನೆ. ನಾಟಿ ಔಷಧಿಯವರು, ಮೂಳೆ ಕಟ್ಟುವವರು, ಅಂತ್ರ ಕಟ್ಟುವವರು, ಪಟ್ಟಣದ ಬಡಾವಣೆಗಳಲ್ಲಿ ರೇಖಿ, ಪ್ರಾಣಿಕ್ ಹೀಲಿಂಗ್ ಎಂದು ಬೋರ್ಡು ಹಾಕಿಕೊಂಡವರು ಎಲ್ಲರೂ ಇದರೊಳಗೆ ಬರುತ್ತಾರೆ. ನಾನು ಜಾನಪದದ ಮೇಷ್ಟ್ರು. ವೈದ್ಯನಲ್ಲ, ವಕೀಲನೂ ಅಲ್ಲ. ಹಾಗಾಗಿ ನನ್ನ ಅಳತೆಗೋಲು ಒಂದೇ ಒಂದು. ಈ ಮಂಡಳಿ ಇದುವರೆಗೆ ಯಾರ ಹೆಸರನ್ನಾದರೂ ತನ್ನ ಪಟ್ಟಿಯಿಂದ ಹೊಡೆದುಹಾಕಿದೆಯೇ? ಹೆಸರು ಸೇರಿಸುವುದು ಯಾರಿಗೂ ಕಷ್ಟವಲ್ಲ, ಸದಸ್ಯತ್ವದ ಹಣ ಬರುತ್ತದೆ. ತೆಗೆಯುವಾಗ ಹಣ ಹೋಗುತ್ತದೆ, ಮಾತು ಬರುತ್ತದೆ, ಕೋರ್ಟಿನ ನೋಟಿಸೂ ಬರಬಹುದು.

ನಮ್ಮ ಕಡೆ ಕಟ್ಟುಪಾಡೇ ಇರಲಿಲ್ಲ ಎನ್ನುವಂತಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಮದ್ದು ಕೊಡುವ ಮನೆಗಳಿಗೆ ಹೋದವರಿಗೆಲ್ಲ ಇದು ಗೊತ್ತು. ಕಾಸು ಮುಟ್ಟುವಂತಿಲ್ಲ, ಎಲೆ ಅಡಿಕೆ, ತೆಂಗಿನಕಾಯಿ ದೇವರ ಮುಂದೆ ಇಟ್ಟು ಹೋಗಬೇಕು. ಸರಿರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಆಗುವುದಿಲ್ಲ ಎನ್ನುವಂತಿಲ್ಲ. ಸೊಪ್ಪು ತರಲು ಹೋಗುವಾಗ ದಾರಿಯಲ್ಲಿ ಮಾತಾಡಬಾರದು, ಕಿತ್ತ ಗಿಡದ ಹೆಸರು ಹೇಳಬಾರದು. ಗ್ರಹಣ ಹಿಡಿದಾಗ ಮಂತ್ರವನ್ನು ಮತ್ತೆ ಜಪಿಸಿಕೊಳ್ಳಬೇಕು. "ಕಾಸು ಮುಟ್ಟುದ್ರೆ ಇದ್ಯೆ ಫಲ್ಸಾಕಿಲ್ಲ ಸಾಮಿ" ಎನ್ನುವ ಮಾತನ್ನು ಇಲ್ಲಿ ಕೂತಿರುವ ಹಿರಿಯರು ನನಗಿಂತ ಹೆಚ್ಚು ಕೇಳಿದ್ದಾರೆ. ಇದನ್ನು ಮೌಢ್ಯ ಎಂದು ತಳ್ಳಿಹಾಕುವ ಹುಮ್ಮಸ್ಸು ನನಗಿಲ್ಲ. ಕಚೇರಿ, ಸಂಬಳ, ದಂಡ ಒಂದೂ ಇಲ್ಲದೆ ತಲೆಮಾರುಗಟ್ಟಲೆ ದುರಾಸೆಯನ್ನು ತಡೆದು ನಿಲ್ಲಿಸಿದ ಏರ್ಪಾಡು ಅದು. ವಿದ್ಯೆ ಕೈಬಿಟ್ಟು ಹೋದೀತು ಎಂಬ ಭಯ ಮಾಡಿದ ಕೆಲಸವನ್ನು ಇವತ್ತಿನ ಎಷ್ಟೋ ಪರಿಷತ್ತುಗಳ ಶಿಸ್ತು ಸಮಿತಿಗಳು ಮಾಡಲಾರವು.

ಆದರೆ ಆ ಕಟ್ಟುಪಾಡಿನ ಕಣ್ಣೆಲ್ಲ ಕೊಡುವವನ ಮೇಲಿತ್ತು. ಮದ್ದು ಕುಡಿದು ಮನೆಗೆ ಹೋದವನು ಏನಾದ ಎಂದು ಅದು ಕೇಳಲಿಲ್ಲ. ಗುಣವಾದರೆ ಕೈಗುಣ. ಆಗದಿದ್ದರೆ ಪಥ್ಯ ಮುರಿದ, ತಡವಾಗಿ ಕರೆತಂದರು, ಮೈಲಿಗೆಯವರ ನೆರಳು ಬಿತ್ತು, ಆಯಸ್ಸು ಅಷ್ಟೇ ಇತ್ತು. ಗೆಲುವೆಲ್ಲ ಮದ್ದಿನ ಖಾತೆಗೆ, ಸೋಲೆಲ್ಲ ರೋಗಿಯ ಖಾತೆಗೆ. ಇಂಥ ಲೆಕ್ಕದಲ್ಲಿ ಯಾವ ಮದ್ದೂ ಸೋಲುವುದಿಲ್ಲ.

ಕಾಮಾಲೆಯನ್ನೇ ನೋಡಿ. ಕೊಳಕು ನೀರಿನಿಂದ ಬರುವ ಎ ಮತ್ತು ಇ ವೈರಸ್ಸಿನ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಖಾಲಿ ಹೊಟ್ಟೆಗೆ ನೆಲನೆಲ್ಲಿ ಅರೆದು ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ಹೆಸರು ಮಾತ್ರ ಕೊಟ್ಟವರಿಗೆ. ಇದರಲ್ಲಿ ಮೋಸವೇನೂ ಇಲ್ಲ, ಕೊಟ್ಟವರೂ ನಂಬಿಯೇ ಕೊಟ್ಟಿರುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಬಿ ವೈರಸ್ಸಿನಿಂದ ಬಂದದ್ದು, ಪಿತ್ತನಾಳದಲ್ಲಿ ಕಲ್ಲು ಅಡ್ಡ ಬಿದ್ದದ್ದು, ಬಸುರಿಯ ಜೀವಕ್ಕೇ ಎರವಾಗಬಲ್ಲ ಇ ವೈರಸ್ಸಿನದು, ಇವೆಲ್ಲ ಕಣ್ಣಿಗೆ ಒಂದೇ ಹಳದಿ. ರಕ್ತ ಪರೀಕ್ಷೆ ಇಲ್ಲದೆ ಬೇರೆ ಮಾಡಲು ಬರುವುದಿಲ್ಲ. ಸರ್ಪಸುತ್ತಿನದೂ ಇದೇ ಕತೆ. ಕೆಮ್ಮಣ್ಣು ಹಚ್ಚಿ ಮಂತ್ರಿಸುತ್ತಾರೆ, ಎರಡು ಮೂರು ವಾರಕ್ಕೆ ಗುಳ್ಳೆ ಒಣಗುತ್ತದೆ. ಕಣ್ಣಿನ ಹತ್ತಿರ ಎದ್ದರೆ ಮಾತ್ರ ದೃಷ್ಟಿಗೇ ಅಪಾಯ. ಸರ್ಪಸುತ್ತಿಗೆ ಕೊಡುವ ಮಾತ್ರೆ ಮೊದಲ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಕೆಮ್ಮಣ್ಣು ಕೆಟ್ಟದ್ದು ಮಾಡದಿರಬಹುದು, ಆದರೆ ಆ ಮೂರು ದಿನವನ್ನು ತಿಂದುಹಾಕುತ್ತದೆ.

ಹಾವಿನ ವಿಷಯಕ್ಕೆ ಬಂದರೆ ಅಷ್ಟು ಹೊತ್ತೂ ಇರುವುದಿಲ್ಲ. ರಾಗಿ ಹೊಲ, ತೆಂಗಿನ ತೋಟ, ಬಣವೆ, ಸೌದೆ ಒಟ್ಟಲು ಇರುವ ಸೀಮೆ ನಮ್ಮದು. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ನಾಗರ, ಕಟ್ಟುಹಾವು, ಕೊಳಕುಮಂಡಲಗಳೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತವೆ. ವಿಷ ಇಳಿಸುವವರ ಹೆಸರು ನಿಂತಿರುವುದು ಈ ಎರಡರ ಮೇಲೆ. ನಿಜವಾಗಿ ವಿಷ ಏರಿದಾಗ ಕುದುರೆಯ ರಕ್ತದಿಂದ ತಯಾರಾದ ಪ್ರತಿವಿಷವೊಂದೇ ಮದ್ದು. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಸತ್ತವರು ಎಷ್ಟೋ ಮಂದಿ.

ಇಷ್ಟು ಹೇಳಿದ ಮೇಲೆ ಈ ತುಮಕೂರು ಜಿಲ್ಲೆಯ ಒಬ್ಬ ತಾಯಿಯನ್ನು ನೆನೆಯದಿದ್ದರೆ ಅನ್ಯಾಯವಾದೀತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಓದು ಬರಹ ಇಲ್ಲ; ಅಜ್ಜಿಯಿಂದ ಕಲಿತ ವಿದ್ಯೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುತ್ತಾರೆ, ಅದೂ ಬಿಡಿಗಾಸು ಕೇಳದೆ. ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಕಾಲದ ಸೂಲಗಿತ್ತಿಯರಿಗೆ ಸರಕಾರ ಒಂದಷ್ಟು ವರ್ಷ ತರಬೇತಿ ಕೊಟ್ಟಿತು, ಬ್ಲೇಡು ದಾರದ ಕಿಟ್ಟು ಕೊಟ್ಟಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆಯೆಲ್ಲ ಆಸ್ಪತ್ರೆಗೆ ಸರಿಯುತ್ತಿದ್ದಂತೆ ಅವರನ್ನು ಮರೆಯಿತು. ಆಸ್ಪತ್ರೆ ಹೆರಿಗೆ ತಾಯಂದಿರ ಜೀವ ಉಳಿಸಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳುವುದು ಇಷ್ಟೆ: ಅಂಥವರಿಗೆ ಶಾಲು ಹೊದಿಸಿದೆವು, ಹಾರ ಹಾಕಿದೆವು, ಆದರೆ ಒಳ್ಳೆಯ ಸೂಲಗಿತ್ತಿಯನ್ನೂ ಒರಟು ಕೈಯವಳನ್ನೂ ಬೇರೆ ಮಾಡಿ ತೋರಿಸುವ ಒಂದು ಪಟ್ಟಿಯನ್ನು ಯಾವ ಕಾಲದಲ್ಲೂ ಇಡಲಿಲ್ಲ.

ಈಗ ಕಾನೂನಿನ ಕಡೆ. ಆಯುರ್ವೇದ, ಯುನಾನಿ, ಸಿದ್ಧ, ಪ್ರಕೃತಿ ಚಿಕಿತ್ಸೆ, ಯೋಗ ಇವುಗಳ ವೈದ್ಯರ ನೋಂದಣಿಗೆ ನಮ್ಮ ರಾಜ್ಯದಲ್ಲಿ 1961ರಷ್ಟು ಹಳೆಯ ಕಾಯ್ದೆ ಇದೆ, ಮಂಡಳಿ ಇದೆ. 1970ರ ಕೇಂದ್ರ ಕಾಯ್ದೆ ಬಂದಾಗ ರಾಜ್ಯ ಪಟ್ಟಿಯೇ ಇಲ್ಲದ ಕಡೆ ಐದು ವರ್ಷ ವೃತ್ತಿ ಮಾಡಿದ್ದವರನ್ನು ಹಾಗೆಯೇ ಮುಂದುವರಿಯಲು ಬಿಟ್ಟರು. ಆ ಬಾಗಿಲು ಅಲ್ಲಿಗೆ ಮುಚ್ಚಿತು. ಕೇರಳದ ಪಾರಂಪರಿಕ ವೈದ್ಯರು ಅದನ್ನು ಮತ್ತೆ ತೆರೆಸಲು ಸುಪ್ರೀಂ ಕೋರ್ಟಿನವರೆಗೆ ಹೋದರು; 2018ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಮಾನ್ಯ ವಿದ್ಯಾರ್ಹತೆ ಇಲ್ಲದೆ, ಪಟ್ಟಿಯಲ್ಲಿ ಹೆಸರಿಲ್ಲದೆ ವಂಶಪಾರಂಪರ್ಯ ಎಂದ ಮಾತ್ರಕ್ಕೆ ವೈದ್ಯ ವೃತ್ತಿ ನಡೆಸುವಂತಿಲ್ಲ ಎಂದಿತು. ಪಟ್ಟಣದ ಹೊಸ ಚಿಕಿತ್ಸೆಗಳ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್ 25ರಂದೇ ಆದೇಶ ಹೊರಡಿಸಿತ್ತು. ಎಲೆಕ್ಟ್ರೋಪತಿ, ಅಯಸ್ಕಾಂತ ಚಿಕಿತ್ಸೆ, ರೇಖಿ, ಪ್ರಾಣಿಕ್ ಹೀಲಿಂಗ್, ಹರಳು ಚಿಕಿತ್ಸೆ, ಬಣ್ಣದ ಚಿಕಿತ್ಸೆ, ಸ್ವಮೂತ್ರ ಚಿಕಿತ್ಸೆ ಇವ್ಯಾವುವನ್ನೂ ಸ್ವತಂತ್ರ ವೈದ್ಯ ಪದ್ಧತಿ ಎಂದು ತಜ್ಞರ ಸಮಿತಿ ಒಪ್ಪಲಿಲ್ಲ. ಮಾನ್ಯತೆ ಇಲ್ಲದ ಪದ್ಧತಿಯಲ್ಲಿ ಪದವಿ ಕೊಡಬಾರದು, ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಾರದು ಎಂದಿತು ಆದೇಶ. ಇಪ್ಪತ್ತು ವರ್ಷದ ಮೇಲಾಯಿತು. ಸಭೆ ಮುಗಿದ ಮೇಲೆ ಯಾವ ಪೇಟೆಯಲ್ಲಾದರೂ ಒಂದು ಸುತ್ತು ಹಾಕಿ ಬೋರ್ಡುಗಳನ್ನು ಓದಿಕೊಂಡು ಬನ್ನಿ.

ನಿಷೇಧಕ್ಕೂ ಮಾನ್ಯತೆಗೂ ನಡುವೆ ಒಂದು ದಾರಿ ಹುಡುಕಿದವರು ಇದ್ದಾರೆ. ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ, ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜತೆ ಸೇರಿ ಔಷಧಿ ಗಿಡಗಳ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ನಮ್ಮ ದೇವರಾಯನದುರ್ಗವೂ ಅದರಲ್ಲಿ ಒಂದು. ಗಿಡಕ್ಕೆ ಬೇಲಿ ಬೇಗ ಸಿಕ್ಕಿತು, ಗಿಡ ಬಲ್ಲವನಿಗೆ ಸಿಗಲಿಲ್ಲ. ಅದೇ ಸಂಸ್ಥೆಯ ಒತ್ತಾಸೆಯಿಂದ ತಾಲ್ಲೂಕುಗಳಲ್ಲಿ ನಾಟಿ ವೈದ್ಯರ ಸಂಘಗಳು ಹುಟ್ಟಿದವು, ಪಾರಂಪರಿಕ ವೈದ್ಯ ಪರಿಷತ್ತು ಸಮ್ಮೇಳನಗಳನ್ನು ನಡೆಸಿತು. ಗಿಡದ ಹೆಸರು ಬಾಯಿಬಿಡದವರು ವೇದಿಕೆಯ ಮೇಲೆ ನಿಂತು ಅದರ ಗುಣ ಹೇಳುವಂತಾದದ್ದು ಸಣ್ಣ ಮಾತಲ್ಲ. ಮುಂದೆ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಜತೆ ಸೇರಿ ಸ್ವಯಂಪ್ರೇರಿತ ಪ್ರಮಾಣೀಕರಣದ ಯೋಜನೆಯೂ ಬಂತು. ಮೂಳೆ ಕಟ್ಟುವುದು, ಕಾಮಾಲೆ, ಹೆರಿಗೆ, ವಿಷಕಡಿತ, ಕೀಲುನೋವು, ಸಾಮಾನ್ಯ ಕಾಯಿಲೆ ಹೀಗೆ ವಿಭಾಗ ಮಾಡಿ, ಪರೀಕ್ಷಕರು ಮಾತಾಡಿಸಿ, ಕೈಕೆಲಸ ನೋಡಿ ಪತ್ರ ಕೊಡುತ್ತಾರೆ. ಏಳು ಜನರ ಸಂಘ ಕೊಡುವ ಪತ್ರಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಕೊಡುವವರು ಬೇರೆ, ತೆಗೆದುಕೊಳ್ಳುವವರು ಬೇರೆ. ಇದು ವೃತ್ತಿ ನಡೆಸುವ ಪರವಾನಗಿ ಅಲ್ಲ ಎನ್ನುವುದು ನೆನಪಿರಲಿ. ವಿಷಕಡಿತಕ್ಕೆ ಪತ್ರ ಕೊಡುವುದನ್ನಂತೂ ನಾನು ಒಪ್ಪಲಾರೆ. ಆ ವಿಭಾಗದಲ್ಲಿ ಕಲಿಯಬೇಕಾದ ವಿದ್ಯೆ ಒಂದೇ, ಗಾಡಿ ಹತ್ತಿಸುವುದು.

ಇಂಗ್ಲೆಂಡಿನಲ್ಲಿ ಕೈಯಿಟ್ಟು, ಪ್ರಾರ್ಥಿಸಿ ವಾಸಿ ಮಾಡುತ್ತೇವೆ ಎನ್ನುವವರು 1954ರಲ್ಲೇ ಒಕ್ಕೂಟ ಕಟ್ಟಿಕೊಂಡರು. ಹ್ಯಾರಿ ಎಡ್ವರ್ಡ್ಸ್ ಎಂಬ ಹೆಸರಾಂತ ಹೀಲರ್ ಅದರ ಮುಂದಾಳು. ಅವರ ನಡಾವಳಿ ಸಂಹಿತೆ ಓದಿದರೆ ಮೆಚ್ಚಬೇಕು ಅನಿಸುತ್ತದೆ. ರೋಗ ಯಾವುದೆಂದು ಹೇಳಬಾರದು, ವಾಸಿ ಮಾಡುತ್ತೇನೆ ಎಂದು ಮಾತು ಕೊಡಬಾರದು, ಡಾಕ್ಟರರನ್ನು ನೋಡಲು ಹೇಳಬೇಕು, ಡಾಕ್ಟರರು ಕೊಟ್ಟ ಔಷಧಿ ಬಿಡಿಸಬಾರದು. 2000ದಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯ ಸಮಿತಿ ಇಂಥ ಚಿಕಿತ್ಸೆಗಳನ್ನೆಲ್ಲ ಜಾಲಾಡಿ ಮೂರು ಗುಂಪು ಮಾಡಿತು. ಹೀಲಿಂಗ್ ಎರಡನೆಯದಕ್ಕೆ ಬಿತ್ತು, ವೈದ್ಯಕ್ಕೆ ಜತೆಯಾಗಿ ನಡೆಯಬಹುದಾದದ್ದು ಎಂದು. 2008ರಲ್ಲಿ ಸರಕಾರದ ಹಣದ ನೆರವಿನಿಂದ ಪೂರಕ ಚಿಕಿತ್ಸೆಗಳ ಸ್ವಯಂಪ್ರೇರಿತ ಮಂಡಳಿಯೊಂದು ಶುರುವಾಯಿತು. ದೂರು ಬಂದರೆ ಅದು ವಿಚಾರಣೆ ನಡೆಸಿ ತೀರ್ಮಾನ ಪ್ರಕಟಿಸುತ್ತದೆ. ಅಲ್ಲಿಂದ ಹೆಸರು ಹೋದವರು ಬೋರ್ಡು ಇಳಿಸಬೇಕಾಗಿಲ್ಲ, ಕಾನೂನು ಅವರನ್ನು ತಡೆಯುವುದಿಲ್ಲ. ಆದರೂ ಹೋಗುವವರಿಗೆ ತಿಳಿದುಕೊಳ್ಳಲು ಒಂದು ಜಾಗ ಇದೆ.

ಅಲ್ಲಿಯದೇ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಕಲಿಸಿತು. ಬೆನ್ನುಮೂಳೆ ನೀವಿ ಸರಿಮಾಡುವ ಕೈರೋಪ್ರಾಕ್ಟರುಗಳಿಗೆ ಅಲ್ಲಿ ಎರಡು ಸಂಸ್ಥೆ. ಒಂದು ಅವರ ಸಂಘ, ಸದಸ್ಯರ ಹಿತ ಕಾಯುವುದು. ಇನ್ನೊಂದು 1994ರ ಕಾಯ್ದೆಯಿಂದ ಹುಟ್ಟಿದ ಪರಿಷತ್ತು, ರೋಗಿಗಳ ಹಿತ ಕಾಯುವುದು. 2008ರಲ್ಲಿ ಸೈಮನ್ ಸಿಂಗ್ ಎಂಬ ವಿಜ್ಞಾನ ಲೇಖಕರು ಪತ್ರಿಕೆಯಲ್ಲಿ ಬರೆದರು: ಮಕ್ಕಳ ಹೊಟ್ಟೆನೋವು, ಆಸ್ತಮಾ, ಕಿವಿಸೋಂಕಿಗೆಲ್ಲ ಬೆನ್ನು ನೀವುವುದರಿಂದ ಗುಣ ಎಂದು ಸಂಘ ಹೇಳುತ್ತಿರುವುದಕ್ಕೆ ಆಧಾರವಿಲ್ಲ. ಸಂಘ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ಸಿಂಗ್ ಬಗ್ಗಲಿಲ್ಲ. 2010ರ ಏಪ್ರಿಲ್‌ನಲ್ಲಿ ಮೇಲಿನ ನ್ಯಾಯಾಲಯ ಅವರ ಪರ ವಾಲುತ್ತಲೇ ಸಂಘ ಮೊಕದ್ದಮೆ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸಾಮಾನ್ಯ ಜನ ಆ ಇನ್ನೊಂದು ಪರಿಷತ್ತಿಗೆ ನೂರಾರು ದೂರು ಬರೆದುಹಾಕಿದ್ದರು. ಮಾನನಷ್ಟದ ಕಾನೂನು 2013ರಲ್ಲಿ ಬದಲಾಗಲು ಈ ಪ್ರಕರಣವೂ ಒಂದು ಕಾರಣ. ಸಂಘ ಮಾಡಿದ್ದು ಸಂಘದ ಕೆಲಸ, ತಪ್ಪಲ್ಲ. ಆದರೆ ಪರಿಷತ್ತು ಬೇರೆಯಾಗಿ ಇಲ್ಲದಿದ್ದರೆ ಆ ದೂರುಗಳು ಹೋಗುತ್ತಿದ್ದುದು ಎಲ್ಲಿಗೆ? ನಮ್ಮಲ್ಲಿ ಎರಡೂ ಕೆಲಸವನ್ನು ಒಂದೇ ಮಂಡಳಿ ಮಾಡುತ್ತೇನೆ ಎನ್ನುತ್ತದೆ. ಫಿರ್ಯಾದುದಾರನ ಎದುರಾಳಿಯನ್ನೇ ಪಂಚಾಯ್ತಿಯ ಕಟ್ಟೆಯ ಮೇಲೆ ಕೂರಿಸಿದ ಹಾಗೆ.

ಇದು ಮಂತ್ರ ಹಾಕುವವರಿಗೆ ಮಾತ್ರ ಅಂಟಿದ ರೋಗ ಎಂದು ಯಾರೂ ನಗಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರನ್ನೇ 2010ರಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು, ಸರಕಾರ ಆ ಮಂಡಳಿಯ ಅಧಿಕಾರ ಕಿತ್ತುಕೊಂಡಿತು, ಕೊನೆಗೆ 2020ರಲ್ಲಿ ಅದರ ಜಾಗಕ್ಕೆ ಆಯೋಗವೇ ಬಂತು. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳ ದರ, ದೂರುಗಳ ಮೇಲೆ ಹೊರಗಿನವರ ಕಣ್ಣು ಇರಲಿ ಎಂದು 2017ರಲ್ಲಿ ಕಾಯ್ದೆ ತಿದ್ದಲು ಹೊರಟಾಗ ಖಾಸಗಿ ವೈದ್ಯರು ಆಸ್ಪತ್ರೆ ಮುಚ್ಚಿ ಮುಷ್ಕರ ಹೂಡಿದರು. ಕಾಯ್ದೆ ಮೆತ್ತಗಾಗಿಯೇ ಹೊರಬಂತು. ಎಂಬಿಬಿಎಸ್ ಆದವರೇ ಹೊರಗಿನ ಕಣ್ಣನ್ನು ಸಹಿಸಲಿಲ್ಲ. ಅಂತ್ರ ಕಟ್ಟುವವನು ಸಹಿಸಬೇಕು ಎನ್ನುವುದು ಹೇಗೆ? ಆದರೂ ಎನ್ನಬೇಕು. ಇಬ್ಬರಿಗೂ ಎನ್ನಬೇಕು.

ಮನಸ್ಸಿನ ಕಾಯಿಲೆಯ ಮಾತು ಸ್ವಲ್ಪ ಬೇರೆ. ಗಾಣಗಾಪುರದಂಥ ಕ್ಷೇತ್ರಕ್ಕೆ ಗಾಳಿ ಸೋಂಕು ಎಂದು ಕರೆದುಕೊಂಡು ಹೋಗುವವರು ಇವತ್ತಿಗೂ ಇದ್ದಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಬಳಿಯ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ಇಪ್ಪತ್ತೈದಕ್ಕೂ ಹೆಚ್ಚು ಜನ ಸುಟ್ಟುಹೋದರು. ಮರುವರ್ಷವೇ ನಮ್ಮ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನದೇ ಒಂದು ಗುಡಿಯಲ್ಲಿ ಕೆಲವು ವಾರ ತಂಗಿದ 31 ರೋಗಿಗಳ ಲಕ್ಷಣಗಳು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಇಳಿದಿದ್ದವು. ಅಲ್ಲಿ ಸರಪಳಿ ಇರಲಿಲ್ಲ, ಹೊಡೆತ ಇರಲಿಲ್ಲ. ಮನೆಯವರು ಜತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸ ಇತ್ತು, ಹುಚ್ಚ ಎನ್ನುವವರು ಇರಲಿಲ್ಲ. 31 ಜನರ ಲೆಕ್ಕದ ಮೇಲೆ ಶಾಸ್ತ್ರ ಕಟ್ಟಲಾಗದು. ಆದರೆ ಎರ್ವಾಡಿಗೂ ಆ ಗುಡಿಗೂ ಇದ್ದ ವ್ಯತ್ಯಾಸ ದೇವರಲ್ಲಿ ಇರಲಿಲ್ಲ, ನೋಡಿಕೊಳ್ಳುವವರ ನಡವಳಿಕೆಯಲ್ಲಿತ್ತು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರ ಸುಮಾರಿಗೆ ಮನೋವೈದ್ಯರೂ ದರ್ಗಾ ನೋಡಿಕೊಳ್ಳುವ ಮುಜಾವರರೂ ಒಂದು ಒಪ್ಪಂದಕ್ಕೆ ಬಂದರು. ದುವಾ ಮುಜಾವರರದು, ದವಾ ಡಾಕ್ಟರರದು. ಪ್ರಾರ್ಥನೆ ಮುಗಿಸಿದ ಮುಜಾವರರೇ ರೋಗಿಯನ್ನು ಅಂಗಳದ ಕ್ಲಿನಿಕ್ಕಿಗೆ ಕಳಿಸುತ್ತಾರೆ. ನಾನು ಬಲ್ಲ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಂಹಿತೆಯನ್ನು ಯಾವ ಮಂಡಳಿಯೂ ಬರೆದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಜಾರಿ ಮಾಡುವುದು ಮುಜಾವರರಂಥವರಿಂದಲೇ ಆಗಬೇಕಾದ ಕೆಲಸ.

ನಾವು ಸೇರಿರುವ ಈ ಹೆಬ್ಬೂರು ಹೋಬಳಿಗೆ ಇದರಿಂದ ಏನು? ಇಲ್ಲಿ ನಾಳೆ ಒಂದು ಸಂಘ ಆದರೆ ಅದು ಮೊದಲು ಮಾಡಬೇಕಾದದ್ದು ಗುರುತಿನ ಚೀಟಿ ಅಲ್ಲ, ದೂರಿನ ಪುಸ್ತಕ. ದೂರು ಕೇಳಲು ಕೂರುವವರಲ್ಲಿ ಮದ್ದು ಕೊಡುವವರಲ್ಲದ ಇಬ್ಬರು ಮೂವರು ಇರಲಿ, ಸರಕಾರಿ ಆಸ್ಪತ್ರೆಯ ವೈದ್ಯರು, ಆಶಾ ಕಾರ್ಯಕರ್ತೆ ಹೀಗೆ. ತೀರ್ಮಾನ ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಲಿ. ಹಾವು ಕಚ್ಚಿದವರನ್ನು ಅರೆಗಳಿಗೆ ನಿಲ್ಲಿಸಿಕೊಂಡವನ ಹೆಸರು ಪಟ್ಟಿಯಿಂದ ಹೋಗಲಿ, ಎಷ್ಟೇ ದೊಡ್ಡ ಮನೆತನದ ವಿದ್ಯೆಯಾಗಲಿ.

ಇದಕ್ಕೆ ಎದುರಾಗಿ ಒಂದು ಮಾತು ಬರುತ್ತದೆ, ನ್ಯಾಯವಾದ ಮಾತೇ. ಕೋರ್ಟು ನಮ್ಮನ್ನು ವೈದ್ಯರೇ ಅಲ್ಲ ಎಂದಿದೆ, ನಮ್ಮ ಬಳಿ ಬಂದವರ ಲೆಕ್ಕವನ್ನು ನಾವೇ ಬರೆದು ಕೊಟ್ಟರೆ ಪೊಲೀಸರ ಕೈಗೆ ಕೋಳ ಕೊಟ್ಟ ಹಾಗಲ್ಲವೆ ಎಂದು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯಕೀಯ ಚಿಕಿತ್ಸೆಯಿಂದ ತಡೆದು, ಬದಲಿಗೆ ಮಂತ್ರ ತಂತ್ರ ಮಾಡುವುದು ಅದರಲ್ಲಿ ಅಪರಾಧ. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷದವರೆಗೆ. ಕಾಯ್ದೆಯನ್ನು ನಿಧಾನವಾಗಿ ಓದಿ. ಅದು ಹಿಡಿಯುವುದು ತಡೆದವನನ್ನು. ಮಂತ್ರಿಸಿದ ನೀರು ಕುಡಿಸುತ್ತಲೇ ಆಟೋ ಕರೆಸಿದವನನ್ನಲ್ಲ. ಇನ್ನೊಂದು ಕಡೆ, 2024ರ ಫೆಬ್ರುವರಿಯಲ್ಲಿ ನಮ್ಮ ಸರಕಾರ ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿತು. ಆಸ್ಪತ್ರೆಗಳು ಲೆಕ್ಕ ಕೊಡುತ್ತಿವೆ. ಆಸ್ಪತ್ರೆಗೆ ಬಾರದವರ ಲೆಕ್ಕ ಇರುವುದು ಮದ್ದು ಕೊಡುವವರ ನೆನಪಿನಲ್ಲಿ ಮಾತ್ರ. ಕಳಿಸಿಕೊಟ್ಟವರಿಗೆ, ವರದಿ ಕೊಟ್ಟವರಿಗೆ ಆ ಒಂದು ಕಾರಣಕ್ಕೆ ಕೇಸು ಹಾಕುವುದಿಲ್ಲ ಎಂದು ಜಿಲ್ಲಾಡಳಿತ ಬರವಣಿಗೆಯಲ್ಲಿ ಒಪ್ಪಿಕೊಂಡರೆ, ಸಂಘದ ಪುಸ್ತಕದ ಮೊದಲ ಪುಟ ಅಲ್ಲಿಂದಲೇ ತುಂಬತೊಡಗುತ್ತದೆ. ಅಂಥ ಆಶ್ವಾಸನೆ ಇಲ್ಲದೆ ಯಾರೂ ಬರೆಯುವುದಿಲ್ಲ, ಬರೆಯಿರಿ ಎಂದು ಹೇಳುವ ಹಕ್ಕೂ ನಮಗಿಲ್ಲ. ಈ ಸಭೆಯ ಕಡೆಯಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಹೋಗಬೇಕಾದ ಅರ್ಜಿಯ ಕರಡನ್ನು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ತಿದ್ದುವುದಿದ್ದರೆ ತಿದ್ದಿ ಸಹಿ ಹಾಕಿ.